ಮುಖಪರಿಚಯದವರನ್ನು ಕೇಳಿ: ಫೋನ್ ಹಿಡಿದು ಕೆಲಸ ಹುಡುಕುವವರಿಗೆ

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಫೋನ್ ತೆಗೆದರೆ ಒಂದರ ಕೆಳಗೊಂದು ಅದೇ ಮೆಸೇಜ್. "ಹಾಯ್ ಸರ್, ಎನಿ ವೇಕೆನ್ಸಿ?" ಲಿಂಕ್ಡ್‌ಇನ್‌ನಲ್ಲೂ ಅದೇ, ವಾಟ್ಸಾಪ್‌ನಲ್ಲೂ ಅದೇ. ನಾನು ಹೆಣ್ಣುಮಗಳು, ಪ್ರೊಫೈಲ್‌ನಲ್ಲಿ ನನ್ನ ಫೋಟೊ ಇದೆ. ಆದರೂ "ಸರ್". ಅಂದರೆ ಕಳಿಸಿದವರು ನನ್ನ ಹೆಸರನ್ನೂ ನೋಡಿಲ್ಲ. ಒಂದೇ ಮೆಸೇಜನ್ನು ಐವತ್ತು ಜನಕ್ಕೆ ಹಾಕಿದ್ದಾರೆ.

ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರ ಹೆಚ್‌ಆರ್ ವಿಭಾಗದಲ್ಲಿದ್ದೇನೆ. ಆ ಮೆಸೇಜ್ ಕಳಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಹಾವೇರಿ, ಗದಗ, ಚಿತ್ರದುರ್ಗ, ಕೊಪ್ಪಳದ ಮಕ್ಕಳು. ಮನೆಯಲ್ಲಿ ಕಂಪನಿ ಕೆಲಸ ಮಾಡಿದವರು ಯಾರೂ ಇರುವುದಿಲ್ಲ. ಹೇಗೆ ಕೇಳಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ನಾನೂ ತಿಪಟೂರಿನಿಂದ ಬಂದವಳೇ, ಆ ಕಷ್ಟ ನನಗೆ ಗೊತ್ತು. ಅದಕ್ಕೇ ಮೇಜಿನ ಈ ಕಡೆ ಕೂತು ನನಗೆ ಕಾಣುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ವಿಷಯ ಹೇಳಬೇಕು. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಲೇಖನ ಪ್ರಕಟಿಸಿದರು. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಅವರು ಮಾತಾಡಿಸಿದ್ದರು. ಆ ಕೆಲಸದ ಸುದ್ದಿ ಬಹಳ ಜನಕ್ಕೆ ಬಂದದ್ದು ಆಪ್ತ ಗೆಳೆಯರಿಂದ ಅಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವ, ಸ್ವಲ್ಪವೇ ಪರಿಚಯ ಇರುವವರಿಂದ. ನಾವು ಮುಖಪರಿಚಯ ಅಂತೀವಲ್ಲ, ಅಂಥವರು. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿದ ಅಧ್ಯಯನ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅಲ್ಲೂ ಹೆಚ್ಚುಕಮ್ಮಿ ಇದೇ ಮಾತು. ತೀರಾ ಹತ್ತಿರದವರಿಗಿಂತ ಅಷ್ಟಿಷ್ಟು ಪರಿಚಯ ಇರುವವರೇ ಕೆಲಸ ಬದಲಿಸಲು ಜಾಸ್ತಿ ನೆರವಾಗಿದ್ದರು.

ಯೋಚಿಸಿದರೆ ಸರಿ ಅನಿಸುತ್ತದೆ, ಅಲ್ವಾ? ನಿಮ್ಮ ರೂಮ್‌ಮೇಟ್‌ಗೆ ಗೊತ್ತಿರುವ ಕೆಲಸ ನಿಮಗೂ ಗೊತ್ತಿರುತ್ತದೆ. ಇಬ್ಬರೂ ಅದೇ ಗ್ರೂಪ್‌ಗಳಲ್ಲಿ ಇದ್ದೀರಿ. ಎರಡು ವರ್ಷದ ಹಿಂದೆ ಕಾಲೇಜು ಮುಗಿಸಿ ಹೊಸೂರಿಗೆ ಹೋದ ಸೀನಿಯರ್‌ಗೆ ಗೊತ್ತಿರುವುದೇ ಬೇರೆ. ಫೇಸ್‌ಬುಕ್, ಲಿಂಕ್ಡ್‌ಇನ್, ವಾಟ್ಸಾಪ್ ಇವೆಲ್ಲ ಕೆಲಸ ಹುಡುಕುವವರಿಗೆ ಉಪಯೋಗಕ್ಕೆ ಬರುವುದು ಇಲ್ಲೇ. ಮುಖಪರಿಚಯದವರಿಗೆ ನಿಮಗೆ ಯಾವ ಕೆಲಸ ಬರುತ್ತದೆ, ಯಾವ ಕೆಲಸ ಬೇಕು ಅಂತ ಗೊತ್ತಾಗುವಂತೆ ಮಾಡುವುದು.

ಹೆಜ್ಜೆ 1: ಮೂರು ಸಾಲು ಬರೆಯಿರಿ

ಆ್ಯಪ್ ತೆರೆಯುವ ಮೊದಲು ಒಂದು ಹಾಳೆ ತಗೊಳ್ಳಿ. ಮೂರೇ ಸಾಲು. ಯಾವ ಕೆಲಸ ಬೇಕು? ಯಾವ ಊರಲ್ಲಿ? ಆ ಕೆಲಸ ನನಗೆ ಬರುತ್ತದೆ ಅನ್ನುವುದಕ್ಕೆ ಏನು ತೋರಿಸಬಲ್ಲೆ?

"ಯಾವ ಕೆಲಸ ಆದರೂ ಪರವಾಗಿಲ್ಲ" ಅನ್ನುವವರು ಬಹಳ. ವಿನಯದಿಂದಲೇ ಹಾಗೆ ಹೇಳುತ್ತಾರೆ, ಮನೆಯ ಕಷ್ಟ ಇರುತ್ತದೆ. ಆದರೆ ಕೇಳಿಸಿಕೊಂಡವರಿಗೆ ಆ ಮಾತು ಇಟ್ಟುಕೊಳ್ಳಲು ಆಗುವುದಿಲ್ಲ. "ಡಿಪ್ಲೊಮಾ ಮೆಕ್ಯಾನಿಕಲ್, ಕ್ವಾಲಿಟಿ ಇನ್‌ಸ್ಪೆಕ್ಷನ್ ಕೆಲಸ ನೋಡುತ್ತಿದ್ದೇನೆ, ಪೀಣ್ಯ ಅಥವಾ ಬೊಮ್ಮಸಂದ್ರ ಆದರೆ ಬರುತ್ತೇನೆ" ಅಂತ ಹೇಳಿದರೆ ಅದು ತಲೆಯಲ್ಲಿ ಉಳಿಯುತ್ತದೆ. ಮುಂದಿನ ವಾರ ಕ್ಯಾಂಟೀನಲ್ಲಿ ಯಾರೋ "ಒಬ್ಬ ಇನ್‌ಸ್ಪೆಕ್ಟರ್ ಬೇಕಿತ್ತು" ಅಂದ ಕೂಡಲೇ ನಿಮ್ಮ ನೆನಪಾಗುತ್ತದೆ.

ಎರಡು ಥರದ ಕೆಲಸ ಮನಸ್ಸಿನಲ್ಲಿದ್ದರೆ ಎರಡನ್ನೂ ಬರೆಯಿರಿ. ಮೂರನೆಯದು ಬೇಡ.

ಹೆಜ್ಜೆ 2: ನಿಮ್ಮ ಹೆಸರನ್ನು ನೀವೇ ಹುಡುಕಿ ನೋಡಿ

ಗೂಗಲ್‌ನಲ್ಲಿ ನಿಮ್ಮ ಹೆಸರು, ಊರು, ಕಾಲೇಜು ಹಾಕಿ. ನಾವೂ ಅದನ್ನೇ ಮಾಡುತ್ತೇವೆ. ಕೋಪದಲ್ಲಿ ಬರೆದ ಹಳೇ ಕಾಮೆಂಟ್, ಯಾರನ್ನೋ ಬೈದ ಪೋಸ್ಟ್ ಕಂಡರೆ ಅಳಿಸಿ. ಫೇಸ್‌ಬುಕ್‌ನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಗೆಳೆಯರಿಗೆ ಮಾತ್ರ ಕಾಣುವಂತೆ ಮಾಡುವ ಅವಕಾಶ ಇದೆ. ಐದು ನಿಮಿಷದ ಕೆಲಸ. ಇಮೇಲ್ ಐಡಿ ಹೆಸರಿನ ಮೇಲೆ ಇರಲಿ. ಕಾಲೇಜಿನಲ್ಲಿ ಇಟ್ಟುಕೊಂಡ ಅಡ್ಡಹೆಸರಿನ ಐಡಿ ರೆಸ್ಯೂಮ್‌ಗೆ ಬೇಡ.

ಹೆಜ್ಜೆ 3: ಎರಡು ಜಾಗ ಆರಿಸಿಕೊಳ್ಳಿ, ಸಾಕು

ಎಲ್ಲ ಆ್ಯಪ್‌ನಲ್ಲೂ ಇರಬೇಕಾಗಿಲ್ಲ. ಸಾಫ್ಟ್‌ವೇರ್, ಇಂಜಿನಿಯರಿಂಗ್, ಅಕೌಂಟ್ಸ್, ಬ್ಯಾಂಕ್, ಹೆಚ್‌ಆರ್, ಮಾರ್ಕೆಟಿಂಗ್ ಕೆಲಸ ಬೇಕಿದ್ದರೆ ಲಿಂಕ್ಡ್‌ಇನ್ ಇರಲೇಬೇಕು. 2003ರಲ್ಲಿ ಶುರುವಾದ ದಿನದಿಂದ ಅದು ಇರುವುದೇ ಉದ್ಯೋಗದ ಪರಿಚಯಕ್ಕೆ. ಶಾಲೆ, ಕ್ಲಿನಿಕ್, ಹೋಟೆಲ್, ಅಂಗಡಿ, ಶೋರೂಮ್ ಕೆಲಸ ನಿಮ್ಮ ಜಿಲ್ಲೆಯಲ್ಲೇ ಬೇಕು ಅಂದರೆ ವಾಟ್ಸಾಪ್ ಮತ್ತು ಊರಿನ ಫೇಸ್‌ಬುಕ್ ಗ್ರೂಪ್ ಹೆಚ್ಚು ಉಪಯೋಗ. ಡಿಸೈನ್, ಫೋಟೊಗ್ರಫಿ, ವಿಡಿಯೊ ಎಡಿಟಿಂಗ್, ಮೇಕಪ್, ಬೇಕಿಂಗ್ ಕಲಿತವರಿಗೆ ಇನ್‌ಸ್ಟಾಗ್ರಾಂ ಪುಟವೇ ರೆಸ್ಯೂಮ್. ಕೋಡ್ ಬರೆಯುವವರು ಗಿಟ್‌ಹಬ್‌ನಲ್ಲಿ ಒಂದೆರಡು ಪ್ರಾಜೆಕ್ಟ್ ಇಡಬೇಕು.

ಸರ್ಕಾರಿ ಕೆಲಸದ ಸುದ್ದಿಗೆ ಟೆಲಿಗ್ರಾಂ ಚಾನೆಲ್ ನೋಡುವವರು ಒಂದು ನಿಯಮ ಇಟ್ಟುಕೊಳ್ಳಿ. ಸುದ್ದಿ ಎಲ್ಲಿಂದಾದರೂ ಬರಲಿ, ಅರ್ಜಿ ಮಾತ್ರ ಕೆಪಿಎಸ್‌ಸಿ, ಕೆಇಎ ಥರದ ಸಂಸ್ಥೆಯ ಸ್ವಂತ ವೆಬ್‌ಸೈಟ್‌ನಲ್ಲೇ ಹಾಕಿ. ಜೊತೆಗೆ ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಪೋರ್ಟಲ್, ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ ಎರಡರಲ್ಲೂ ಹೆಸರು ನೋಂದಾಯಿಸಿ ಇಡಿ. ಖರ್ಚಿಲ್ಲ.

ಹೆಜ್ಜೆ 4: ಲಿಂಕ್ಡ್‌ಇನ್ ಪ್ರೊಫೈಲ್, ಒಂದೊಂದೇ ಜಾಗ

ಫೋಟೊದಿಂದ ಶುರು ಮಾಡಿ. ಸ್ಟುಡಿಯೋಗೆ ಹೋಗಬೇಕಿಲ್ಲ. ಬೆಳಿಗ್ಗೆ ಹೊತ್ತು ಕಿಟಕಿಯ ಎದುರು, ಹಿಂದೆ ಬರೀ ಗೋಡೆ ಇರುವ ಕಡೆ ನಿಂತು ತಂಗಿಯ ಕೈಗೆ ಫೋನ್ ಕೊಡಿ. ಮದುವೆ ಮನೆ ಫೋಟೊದಿಂದ ಕತ್ತರಿಸಿದ್ದು ಬೇಡ, ಪಕ್ಕದವರ ಭುಜ ಕಾಣುತ್ತಿರುತ್ತದೆ.

ಹೆಸರಿನ ಕೆಳಗೆ ಹೆಡ್‌ಲೈನ್ ಅಂತ ಒಂದು ಸಾಲು ಇದೆ. 220 ಅಕ್ಷರ ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಈ ಸಾಲು, ಜನ ಎಲ್ಲಕ್ಕಿಂತ ಕಡಿಮೆ ಗಮನ ಕೊಡುವುದೂ ಇದಕ್ಕೇ. ರಾಣೆಬೆನ್ನೂರಿನ ಒಬ್ಬ ಬಿಕಾಂ ಹುಡುಗಿಯ ಹೆಡ್‌ಲೈನ್ ಹೀಗಿತ್ತು: "ಫ್ರೆಶರ್, ಸೀಕಿಂಗ್ ಆಪರ್ಚುನಿಟೀಸ್." ಫೋನ್‌ನಲ್ಲಿ ಮಾತಾಡಿದಾಗ ಗೊತ್ತಾಯಿತು, ಓದುತ್ತಲೇ ಊರಿನ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಎಂಟು ತಿಂಗಳು ಕೂತಿದ್ದಳು. ಬಿತ್ತನೆ ಬೀಜದ ಅಂಗಡಿಗಳ ಬಿಲ್ ಎಂಟ್ರಿ ಮಾಡುತ್ತಿದ್ದಳು, ಜಿಎಸ್‌ಟಿ ರಿಟರ್ನ್ ತಯಾರಿಸುತ್ತಿದ್ದಳು. "ಅದು ಕೆಲಸ ಅಂತ ಅನಿಸಲೇ ಇಲ್ಲ ಮೇಡಂ, ಸಂಬಳ ಮೂರೇ ಸಾವಿರ ಇತ್ತು" ಅಂದಳು. ಇಬ್ಬರೂ ಕೂತು ಬದಲಾಯಿಸಿದೆವು: "ಬಿಕಾಂ. ಅಕೌಂಟ್ಸ್ ಅಸಿಸ್ಟೆಂಟ್. ಟ್ಯಾಲಿ ಪ್ರೈಮ್, ಜಿಎಸ್‌ಟಿಆರ್-1, ಜಿಎಸ್‌ಟಿಆರ್-3ಬಿ, ಇ-ವೇ ಬಿಲ್. 8 ತಿಂಗಳ ಅನುಭವ. ಬೆಂಗಳೂರು, ಹುಬ್ಬಳ್ಳಿ." ಅದನ್ನು ಇಂಗ್ಲಿಷ್‌ನಲ್ಲೇ ಹಾಕಿದೆವು.

ಇದರಿಂದ ಏನಾಗುತ್ತದೆ ಅಂದರೆ, ನಾವು ಅಭ್ಯರ್ಥಿಗಳನ್ನು ಹುಡುಕುವುದು ಪದ ಹಾಕಿ. "ಟ್ಯಾಲಿ", "ಜಿಎಸ್‌ಟಿ" ಅಂತ ಟೈಪ್ ಮಾಡಿ, ಊರು ಆರಿಸುತ್ತೇವೆ. ನಿಮ್ಮ ಪ್ರೊಫೈಲ್‌ನಲ್ಲಿ ಆ ಪದ ಇಲ್ಲದಿದ್ದರೆ ನೀವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. "ಸೀಕಿಂಗ್ ಆಪರ್ಚುನಿಟೀಸ್" ಅಂತ ಯಾರೂ ಹುಡುಕುವುದಿಲ್ಲ. ಯಾವ ಪದ ಹಾಕಬೇಕು ಅಂತ ತಿಳಿಯದಿದ್ದರೆ ನಿಮಗೆ ಬೇಕಾದ ಹುದ್ದೆಯ ಹತ್ತು ಜಾಹೀರಾತು ತೆರೆದು ಓದಿ. ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಪದಗಳಲ್ಲಿ ನಿಮಗೆ ನಿಜವಾಗಿ ಗೊತ್ತಿರುವುದನ್ನು ಮಾತ್ರ ಹಾಕಿ. ಗೊತ್ತಿಲ್ಲದ್ದು ಹಾಕಿದರೆ ಇಂಟರ್ವ್ಯೂನ ಎರಡನೇ ಪ್ರಶ್ನೆಗೇ ತಿಳಿಯುತ್ತದೆ.

'ಅಬೌಟ್' ಎನ್ನುವ ಜಾಗದಲ್ಲಿ ಎಂಟು ಹತ್ತು ಸಾಲು ಸಾಕು. ಏನು ಓದಿದ್ದೀರಿ, ಯಾವ ಕೆಲಸ ಮಾಡಿದ್ದೀರಿ, ಯಾವಾಗ ಸೇರಬಲ್ಲಿರಿ. ಅಪ್ಪನ ಅಂಗಡಿ ಲೆಕ್ಕ ನೋಡಿದ್ದು, ಹಾಲಿನ ಡೈರಿಯಲ್ಲಿ ಟೆಸ್ಟಿಂಗ್ ಮಾಡಿದ್ದು, ಟ್ಯೂಷನ್ ಹೇಳಿದ್ದು ಎಲ್ಲವೂ ಕೆಲಸವೇ. ನಾಚಿಕೊಳ್ಳದೆ ಬರೆಯಿರಿ. ಎರಡು ವರ್ಷ ಪರೀಕ್ಷೆಗೆ ಓದಿದ್ದರೆ ಅದನ್ನೂ ಇದ್ದ ಹಾಗೇ ಬರೆಯಿರಿ. ಖಾಲಿ ಬಿಟ್ಟ ವರ್ಷ ಅನುಮಾನ ಹುಟ್ಟಿಸುತ್ತದೆ, ಬರೆದ ವರ್ಷ ಹುಟ್ಟಿಸುವುದಿಲ್ಲ.

'ಓಪನ್ ಟು ವರ್ಕ್' ಎನ್ನುವುದನ್ನು ಆನ್ ಮಾಡಿ. ಅದರಲ್ಲಿ ಎರಡು ಬಗೆ. ಎಲ್ಲರಿಗೂ ಕಾಣುವಂತೆ ಇಟ್ಟರೆ ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತದೆ. ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಈಗಾಗಲೇ ಕೆಲಸದಲ್ಲಿದ್ದು ಬದಲಿಸಲು ನೋಡುತ್ತಿರುವವರು ಎರಡನೆಯದನ್ನು ಆರಿಸಿ. ನಿಮ್ಮ ಕಂಪನಿಯವರಿಗೆ ಕಾಣದಂತೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಖಾತ್ರಿ ಕೊಡುವುದಿಲ್ಲ. ಕೆಲಸವೇ ಇಲ್ಲದವರಿಗೆ ಹಸಿರು ಪಟ್ಟಿಯಿಂದ ಯಾವ ಅವಮಾನವೂ ಇಲ್ಲ. ಅಲ್ಲೇ ಊರುಗಳನ್ನು ಸೇರಿಸುವ ಜಾಗ ಇದೆ. ನೀವು ಇರುವುದು ಗದಗದಲ್ಲಾದರೂ ಬೆಂಗಳೂರಿಗೆ ಬರಲು ತಯಾರಿದ್ದರೆ ಬೆಂಗಳೂರು ಸೇರಿಸಿ, ಇಲ್ಲದಿದ್ದರೆ ಊರಿನ ಮೇಲೆ ಹುಡುಕುವಾಗ ತಪ್ಪಿಹೋಗುತ್ತೀರಿ.

ಹೆಜ್ಜೆ 5: ಮಾಡಿದ ಕೆಲಸವನ್ನು ತೋರಿಸಿ

ಹೋದ ವರ್ಷ ನಮ್ಮ ಫೋರ್‌ಮನ್ ಒಂದು ವಿಡಿಯೊ ತಂದು ತೋರಿಸಿದರು. ಅವರ ಊರಿನ ಕಡೆಯ ಗ್ರೂಪ್‌ನಲ್ಲಿ ಬಂದಿತ್ತು. ಚನ್ನಗಿರಿ ಕಡೆಯ ಡಿಪ್ಲೊಮಾ ಹುಡುಗ, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅಡಿಕೆ ಸುಲಿಯುವ ಚಿಕ್ಕ ಯಂತ್ರ ಮಾಡಿದ್ದ. ವಿಡಿಯೊ ಒಂದು ನಿಮಿಷವೂ ಇಲ್ಲ. ಹಿನ್ನೆಲೆಗೆ ಹಾಡಿಲ್ಲ. ಯಂತ್ರ ಓಡುವ ಸದ್ದು, ಅದರ ಮೇಲೆ ಅವನ ಮಾತು. "ಮೊದಲು ದೊಡ್ಡ ಅಡಿಕೆ ಒಡೆದು ಹೋಗುತ್ತಿತ್ತು. ಬ್ಲೇಡಿಗೂ ರೋಲರ್‌ಗೂ ನಡುವಿನ ಗ್ಯಾಪ್ ಜಾಸ್ತಿ ಮಾಡಿದೆ, ಆಗ ದೊಡ್ಡದು ಮಾತ್ರ ಸುಲಿಯಿತು, ಸಣ್ಣದು ಹಾಗೇ ಬಿತ್ತು. ಆಮೇಲೆ ಸ್ಪ್ರಿಂಗ್ ಹಾಕಿದೆ. ಈಗ ನೂರಕ್ಕೆ ಹತ್ತು ಹನ್ನೆರಡು ಒಡೆಯುತ್ತವೆ, ಇನ್ನೂ ಸರಿ ಮಾಡಬೇಕು." ಕೈಯಲ್ಲಿ ಒಡೆದ ನಾಲ್ಕು ಅಡಿಕೆ ಹಿಡಿದು ಕ್ಯಾಮೆರಾಗೆ ತೋರಿಸಿದ್ದ.

ನಮ್ಮ ಫೋರ್‌ಮನ್‌ಗೆ ಹಿಡಿಸಿದ್ದು ಆ ಒಡೆದ ಅಡಿಕೆ. "ಎಲ್ಲಿ ತಪ್ಪಾಯಿತು ಅಂತ ಹೇಳುತ್ತಾನೆ ನೋಡಿ ಮೇಡಂ, ಇಂಥವನು ನಮಗೆ ಬೇಕು" ಅಂದರು. ಆ ಹುಡುಗನ ಅಂಕಪಟ್ಟಿ ನಾವು ನೋಡಿದ್ದು ಇಂಟರ್ವ್ಯೂ ದಿನ.

ನೀವೂ ಹದಿನೈದು ದಿನಕ್ಕೊಮ್ಮೆ ಇಂಥದ್ದೊಂದು ಹಾಕಿ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆ. ಅಕೌಂಟ್ಸ್‌ನವರು ಎಕ್ಸೆಲ್‌ನಲ್ಲಿ ಮಾಡಿದ ಒಂದು ಶೀಟ್ ತೋರಿಸಬಹುದು, ಆದರೆ ಗ್ರಾಹಕರ ಹೆಸರು, ಮೊತ್ತ ತೆಗೆದು. ಬಿಎಡ್ ಮಾಡಿದವರು ಭಿನ್ನರಾಶಿ ಹೇಳಿಕೊಡುವ ಎರಡು ನಿಮಿಷದ ವಿಡಿಯೊ ಹಾಕಬಹುದು. ಕನ್ನಡದಲ್ಲೇ ಮಾತಾಡಿ, ಅಡ್ಡಿಯಿಲ್ಲ, ಕೆಳಗೆ ಎರಡು ಸಾಲು ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ಸರ್ಟಿಫಿಕೇಟ್ ಹಿಡಿದ ಫೋಟೊ ಮಾತ್ರ ಹಾಕುತ್ತಾ ಹೋದರೆ ಪ್ರಯೋಜನ ಕಡಿಮೆ. ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇರುತ್ತದೆ.

ಹೆಜ್ಜೆ 6: ಮುಖಪರಿಚಯದವರನ್ನು ಹುಡುಕಿ, ಚಿಕ್ಕ ಪ್ರಶ್ನೆ ಕೇಳಿ

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆಯಿರಿ. 'ಅಲಮ್ನೈ' ಅಂತ ಒಂದು ಭಾಗ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಓದಿದವರು ಈಗ ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ ಅಂತ ಬೇರೆ ಮಾಡಿ ನೋಡಬಹುದು. ಇದನ್ನು ತೋರಿಸಿದಾಗ ಕಣ್ಣರಳಿಸದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಹೋದವರು ಎಲ್ಲೆಲ್ಲೋ ಇರುತ್ತಾರೆ. ಪುಣೆ, ಚೆನ್ನೈ, ದುಬೈ.

ಅಲ್ಲಿಂದ ಇಪ್ಪತ್ತು ಹೆಸರು ಆರಿಸಿ. ನಿಮಗಿಂತ ಎರಡರಿಂದ ಆರು ವರ್ಷ ಮುಂದಿರುವವರು ಒಳ್ಳೆಯದು. ಅವರಿಗೆ ತಾವು ಪಟ್ಟ ಪಾಡು ಇನ್ನೂ ನೆನಪಿರುತ್ತದೆ. ತೀರಾ ಮೇಲಿನ ಹುದ್ದೆಯವರಿಗೆ ಉತ್ತರಿಸಲು ಪುರುಸೊತ್ತು ಇರುವುದಿಲ್ಲ.

ಈಗ ಮೆಸೇಜ್. "ಕೆಲಸ ಕೊಡಿಸಿ" ಅಂತ ಮೊದಲ ಮಾತಿಗೇ ಕೇಳಬೇಡಿ. ಅವರು ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ ಕೇಳಿ. ಹೀಗೆ:

"ನಮಸ್ತೆ ಸರ್. ನಾನೂ ನಮ್ಮ ಪಾಲಿಟೆಕ್ನಿಕ್‌ನವನೇ, 2024ರ ಬ್ಯಾಚ್, ಮೆಕ್ಯಾನಿಕಲ್. ನೀವು ಕ್ವಾಲಿಟಿ ವಿಭಾಗದಲ್ಲಿ ಇದ್ದೀರಿ ಅಂತ ನೋಡಿದೆ. ನಾನೂ ಅದೇ ಕೆಲಸಕ್ಕೆ ಪ್ರಯತ್ನಿಸುತ್ತಿದ್ದೇನೆ. ವರ್ನಿಯರ್, ಮೈಕ್ರೊಮೀಟರ್ ಬಳಸಿ ಗೊತ್ತು, ಸಿಎಂಎಂ ಗೊತ್ತಿಲ್ಲ. ಸೇರುವ ಮೊದಲೇ ಸಿಎಂಎಂ ಕಲಿತಿರಬೇಕಾ, ಅಥವಾ ಕಂಪನಿಯಲ್ಲೇ ಕಲಿಸುತ್ತಾರಾ?"

(ಸಿಎಂಎಂ ಅಂದರೆ ಬಿಡಿಭಾಗದ ಅಳತೆಯನ್ನು ನಿಖರವಾಗಿ ನೋಡುವ ಯಂತ್ರ.) ಇದನ್ನೇ ನಿಮ್ಮ ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ. ಕನ್ನಡದವರು ಅಂತ ಗೊತ್ತಿದ್ದರೆ ಕನ್ನಡದಲ್ಲೇ ಬರೆಯಿರಿ, ಹತ್ತಿರ ಅನಿಸುತ್ತದೆ. ನಿಮ್ಮ ಓಣಿಯವರಾದರೆ "ಅಣ್ಣ", "ಅಕ್ಕ" ಅನ್ನಿ, ಕಾಲೇಜಿನ ಹಿರಿಯರಾದರೆ "ಸರ್", "ಮೇಡಂ" ಅನ್ನಿ. ಹೆಸರನ್ನು ಸರಿಯಾಗಿ ಬರೆಯಿರಿ. ನಾನು ಮೊದಲೇ ಹೇಳಿದೆನಲ್ಲ, ಹೆಣ್ಣುಮಕ್ಕಳಿಗೆ "ಸರ್" ಅಂದರೆ ನೀವು ನೋಡಿಯೇ ಇಲ್ಲ ಅಂತ ಗೊತ್ತಾಗುತ್ತದೆ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಕನೆಕ್ಷನ್ ರಿಕ್ವೆಸ್ಟ್ ಜೊತೆಗೆ ಟಿಪ್ಪಣಿ ಕಳಿಸಲು ತಿಂಗಳಿಗೆ ಮಿತಿ ಇದೆ. ಅದಕ್ಕೇ ಮುಖ್ಯ ಅನಿಸಿದವರಿಗೆ ಮಾತ್ರ ಟಿಪ್ಪಣಿ ಹಾಕಿ. ಉಳಿದವರಿಗೆ ಸುಮ್ನೆ ರಿಕ್ವೆಸ್ಟ್ ಕಳಿಸಿ, ಒಪ್ಪಿಕೊಂಡ ಮೇಲೆ ಬರೆಯಿರಿ.

ಇಪ್ಪತ್ತು ಜನರಲ್ಲಿ ಹೆಚ್ಚಿನವರು ಉತ್ತರಿಸದೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಒಂದು ವಾರ ಬಿಟ್ಟು ಒಂದೇ ಸಲ ನೆನಪಿಸಿ. ಆಮೇಲೂ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಉತ್ತರಿಸಿದವರು ಹೇಳಿದ್ದನ್ನು ಮಾಡಿ, ಮಾಡಿದೆ ಅಂತ ತಿಳಿಸಿ. "ನೀವು ಹೇಳಿದ ಆ ಡ್ರಾಯಿಂಗ್ ಓದುವ ಕೋರ್ಸ್ ಮುಗಿಸಿದೆ ಸರ್." ಈ ಒಂದು ಸಾಲಿನಿಂದ ಮುಖಪರಿಚಯ ನಿಜವಾದ ಪರಿಚಯ ಆಗುತ್ತದೆ.

ರೆಫರಲ್, ಅಂದರೆ ಅವರ ಕಂಪನಿಗೆ ನಿಮ್ಮ ಹೆಸರು ಸೂಚಿಸಿ ಅಂತ ಕೇಳುವುದು, ಇದಾದ ಮೇಲೆ. ಅವರ ಕಂಪನಿಯಲ್ಲಿ ಹುದ್ದೆ ಖಾಲಿ ಇದೆ ಅಂತ ನೀವೇ ನೋಡಿಕೊಂಡು, ಅದರ ಲಿಂಕ್, ಜಾಬ್ ಐಡಿ, ನಿಮ್ಮ ರೆಸ್ಯೂಮ್‌ನ ಪಿಡಿಎಫ್ ಎಲ್ಲ ಒಂದೇ ಮೆಸೇಜ್‌ನಲ್ಲಿ ಕಳಿಸಿ. ಅವರು ಹುಡುಕಾಡುವಂತೆ ಮಾಡಬೇಡಿ. ರೆಫರಲ್ ಕೇಳಲು ಸಂಕೋಚ ಬೇಡ. ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ, ಅಭ್ಯರ್ಥಿ ಸೇರಿದ ಮೇಲೆ ಬೋನಸ್ ಕೂಡ ಸಿಗುತ್ತದೆ.

ಹೆಜ್ಜೆ 7: ವಾಟ್ಸಾಪ್‌ನಲ್ಲಿ ಕೇಳುವ ರೀತಿ

ನಮ್ಮ ಕಡೆ ಜನ ಬೆಳಿಗ್ಗೆ ಎದ್ದು ಮೊದಲು ನೋಡುವುದು ವಾಟ್ಸಾಪ್ ಸ್ಟೇಟಸ್. ಅದು 24 ಗಂಟೆ ಇರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಹಾಕಿ. ಹಾಳೆಯಲ್ಲಿ ಬರೆದ ಮೂರು ಸಾಲನ್ನೇ ಹಾಕಿ. ಕೊನೆಗೆ "ನಿಮಗೆ ಗೊತ್ತಿರುವ ಕಡೆ ಇದ್ದರೆ ತಿಳಿಸಿ" ಅಂತ ಸೇರಿಸಿ. ಕುಟುಂಬದ ಗ್ರೂಪ್‌ನಲ್ಲಿ ಹಾಕಲು ಮಕ್ಕಳಿಗೆ ಮುಜುಗರ. "ಇನ್ನೂ ಕೆಲಸ ಸಿಕ್ಕಿಲ್ವಾ?" ಅಂತ ಕೇಳುತ್ತಾರೆ ಅನ್ನುವ ಭಯ. ಗ್ರೂಪ್‌ನಲ್ಲಿ ಬೇಡವಾದರೆ ಸೋದರಮಾವನಿಗೆ, ಅತ್ತೆಗೆ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿ. ಮುಂದಕ್ಕೆ ಫಾರ್ವರ್ಡ್ ಮಾಡಲು ಆಗುವಂತೆ ಬರೆಯಿರಿ. ಮಾವನ ಸ್ನೇಹಿತರು ಓದಿದರೂ ಅರ್ಥ ಆಗಬೇಕು.

ರೆಸ್ಯೂಮ್ ಪಿಡಿಎಫ್ ಆಗಿರಲಿ, ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಇಡಿ. "ನ್ಯೂ ರೆಸ್ಯೂಮ್ ಫೈನಲ್ 2" ಅಂತ ಬಂದದ್ದನ್ನು ಆಮೇಲೆ ಹುಡುಕಲು ನಮಗೆ ಆಗುವುದಿಲ್ಲ. ಅದರಲ್ಲಿ ಆಧಾರ್ ನಂಬರ್, ಪೂರ್ತಿ ಮನೆ ವಿಳಾಸ ಬೇಡ. ಊರು, ಫೋನ್, ಇಮೇಲ್ ಸಾಕು. ಮತ್ತೆ, ಕೆಲಸ ಹುಡುಕುವ ದಿನಗಳಲ್ಲಿ ಗೊತ್ತಿಲ್ಲದ ನಂಬರ್ ಬಂದರೂ ಫೋನ್ ಎತ್ತಿ. ಒಳ್ಳೆಯ ಅಭ್ಯರ್ಥಿ ಫೋನ್ ಎತ್ತಲಿಲ್ಲ ಅಂತ ಮುಂದಿನವರಿಗೆ ಹೋದದ್ದು ನನಗೇ ಎಷ್ಟೋ ಸಲ ಆಗಿದೆ.

ಹೆಜ್ಜೆ 8: ಹೊಸ ಹುದ್ದೆಗಳನ್ನು ಬೇಗ ಹಿಡಿಯಿರಿ

ಲಿಂಕ್ಡ್‌ಇನ್‌ನಲ್ಲಿ ಹುದ್ದೆ ಮತ್ತು ಊರು ಹಾಕಿ ಜಾಬ್ ಅಲರ್ಟ್ ಇಡಿ. ಹುಡುಕುವಾಗ 'ಕಳೆದ 24 ಗಂಟೆ' ಅನ್ನುವ ಫಿಲ್ಟರ್ ಹಾಕಿ. ಮೊದಲ ಎರಡು ದಿನದಲ್ಲಿ ಬಂದ ಅರ್ಜಿಗಳನ್ನು ನಾವು ನಿಧಾನವಾಗಿ ಓದುತ್ತೇವೆ, ಆಮೇಲೆ ರಾಶಿ ಬೀಳುತ್ತದೆ.

'ಜಾಬ್ಸ್' ಭಾಗ ಮಾತ್ರ ನೋಡಬೇಡಿ. ಹುಡುಕುವ ಜಾಗದಲ್ಲಿ "ಹೈರಿಂಗ್" ಜೊತೆಗೆ ಹುದ್ದೆ, ಊರಿನ ಹೆಸರು ಇಂಗ್ಲಿಷ್‌ನಲ್ಲಿ ಹಾಕಿ 'ಪೋಸ್ಟ್ಸ್' ಆರಿಸಿ. ಚಿಕ್ಕ ಕಂಪನಿಯವರು ಜಾಹೀರಾತಿಗೆ ದುಡ್ಡು ಹಾಕುವುದಿಲ್ಲ, ಮ್ಯಾನೇಜರ್ ತಾವೇ ನಾಲ್ಕು ಸಾಲು ಬರೆದು ಹಾಕಿರುತ್ತಾರೆ. ಅಂಥ ಪೋಸ್ಟಿನ ಕೆಳಗೆ "ಇಂಟರೆಸ್ಟೆಡ್" ಅಂತ ಬರೆಯುವ ಇನ್ನೂರು ಜನರಲ್ಲಿ ನೀವೂ ಒಬ್ಬರಾಗಬೇಡಿ. ಅಲ್ಲಿ ಕೊಟ್ಟ ಇಮೇಲ್‌ಗೆ ನೇರವಾಗಿ ರೆಸ್ಯೂಮ್ ಕಳಿಸಿ, ಆ ಹುದ್ದೆಗೆ ನೀವು ಯಾಕೆ ಸರಿ ಅಂತ ಮೂರು ಸಾಲು ಬರೆಯಿರಿ.

ಹೆಜ್ಜೆ 9: ಮೋಸ ಗುರುತಿಸುವುದು

ಇದನ್ನು ಬರೆಯುವಾಗ ನನ್ನ ಅಕ್ಕನ ಮಗನ ಮುಖ ಕಣ್ಣೆದುರು ಬರುತ್ತದೆ. ಫೇಸ್‌ಬುಕ್ ಗ್ರೂಪ್‌ನಲ್ಲಿ ಒಂದು ಕನ್ಸಲ್ಟೆನ್ಸಿಯ ಪೋಸ್ಟ್ ನೋಡಿ ಫೋನ್ ಮಾಡಿದ. ಇಂಟರ್ವ್ಯೂ ಇಲ್ಲದೆಯೇ ಆಫರ್ ಲೆಟರ್ ವಾಟ್ಸಾಪ್‌ಗೆ ಬಂತು. ಯೂನಿಫಾರ್ಮ್, ಐಡಿ ಕಾರ್ಡ್‌ಗೆ ಅಂತ 2,500 ರೂಪಾಯಿ ಕೇಳಿದರು. ಅಕ್ಕ ಹಾಲಿನ ದುಡ್ಡು ತೆಗೆದು ಕೊಟ್ಟಳು. ನನ್ನನ್ನು ಒಂದು ಮಾತು ಕೇಳಬಹುದಿತ್ತು. "ಕೆಲಸ ಸಿಕ್ಕ ಮೇಲೆ ಚಿಕ್ಕಮ್ಮನಿಗೆ ಹೇಳೋಣ ಅಂತ ಇದ್ದೆ" ಅಂದ. ದುಡ್ಡಿಗಿಂತ ಆ ಹುಡುಗ ಆಮೇಲೆ ಮೂರು ತಿಂಗಳು ಯಾವ ಅರ್ಜಿಯನ್ನೂ ಹಾಕಲಿಲ್ಲ ಅನ್ನುವುದು ನನ್ನನ್ನು ಜಾಸ್ತಿ ನೋಯಿಸಿತು.

ಅದಕ್ಕೇ ಇದನ್ನು ಮನೆಯವರಿಗೂ ಓದಿ ಹೇಳಿ. ಕೆಲಸ ಕೊಡುವವರು ನಿಮ್ಮ ಹತ್ತಿರ ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್, ವೆರಿಫಿಕೇಷನ್, "ವಾಪಸ್ ಕೊಡ್ತೀವಿ" ಅನ್ನುವ ದುಡ್ಡು, ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲೇ ನಿಲ್ಲಿಸಿ.

ಟೆಲಿಗ್ರಾಂನಲ್ಲಿ "ವಿಡಿಯೊಗೆ ಲೈಕ್ ಮಾಡಿ, ಒಂದಕ್ಕೆ ಐವತ್ತು ರೂಪಾಯಿ" ಅನ್ನುವವರು ಮೊದಲು ನಿಜವಾಗಿಯೂ ನೂರೈವತ್ತು, ಇನ್ನೂರು ಹಾಕುತ್ತಾರೆ. ನಂಬಿಕೆ ಬರಲಿ ಅಂತ. ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ಸಾವಿರ, ಐದು ಸಾವಿರ, ಐವತ್ತು ಸಾವಿರ ಕಟ್ಟಿಸಿಕೊಳ್ಳುತ್ತಾರೆ. ಡಾಟಾ ಎಂಟ್ರಿ ಹೆಸರಲ್ಲಿ ಅಗ್ರಿಮೆಂಟ್‌ಗೆ ಸಹಿ ಹಾಕಿಸಿಕೊಂಡು, ಕೆಲಸದಲ್ಲಿ ತಪ್ಪಿದೆ ಅಂತ ವಕೀಲರ ಹೆಸರಲ್ಲಿ ನೋಟಿಸ್ ಕಳಿಸಿ ದಂಡ ಕೇಳುವ ಗುಂಪುಗಳೂ ಇವೆ. ಹೆದರಿ ದುಡ್ಡು ಕಟ್ಟಬೇಡಿ, ಪೊಲೀಸರಿಗೆ ತಿಳಿಸಿ.

ಕಂಪನಿ ನಿಜವಾ ಅಂತ ನೋಡಲು ಹತ್ತು ನಿಮಿಷ ಸಾಕು. ಇಮೇಲ್‌ನಲ್ಲಿ 'ಅಟ್' ಗುರುತಿನ ಆಚೆ ಏನಿದೆ ನೋಡಿ. ದೊಡ್ಡ ಕಂಪನಿಯ ಹೆಸರು ಹೇಳಿ ಜಿಮೇಲ್‌ನಿಂದ ಬರೆದಿದ್ದರೆ ನಂಬಬೇಡಿ. ಕಂಪನಿಯ ವೆಬ್‌ಸೈಟ್‌ಗೆ ನೀವೇ ಹೋಗಿ, ಅಲ್ಲಿನ ಕರಿಯರ್ಸ್ ಪುಟದಲ್ಲಿ ಆ ಹುದ್ದೆ ಇದೆಯಾ ನೋಡಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ಯಾವಾಗ ನೋಂದಣಿ ಆಗಿದೆ, ಈಗ ನಡೆಯುತ್ತಿದೆಯಾ ಅಂತ ತಿಳಿಯುತ್ತದೆ. ಯಾರಾದರೂ ಆಧಾರ್ ಕೇಳಿದರೆ, ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ.

ವಿದೇಶದ ಕೆಲಸ ಅಂದರೆ ಇನ್ನೂ ಎಚ್ಚರ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ಸೋಷಿಯಲ್ ಮೀಡಿಯಾದಲ್ಲಿ ಜಾಹೀರಾತು ಹಾಕಿ, ಐಟಿ ಗೊತ್ತಿರುವ ಹುಡುಗರನ್ನು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನಲ್ಲಿ ಕೂಡಿಹಾಕುತ್ತಿದ್ದರು. ಅಲ್ಲಿ ಬೇರೆಯವರಿಗೆ ಆನ್‌ಲೈನ್ ಮೋಸ ಮಾಡುವ ಕೆಲಸಕ್ಕೆ ಹಚ್ಚುತ್ತಿದ್ದರು. ಏಜೆಂಟ್ ಮೂಲಕ ಹೋಗುವುದಾದರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವರ ಹೆಸರು ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕಿಂತ ಹೆಚ್ಚಲ್ಲ. ರಸೀದಿ ಕೇಳಿ. ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡ್ತೀವಿ ಅಂದರೆ ಹೋಗಬೇಡಿ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಬ್ಯಾಂಕ್‌ನಲ್ಲಿ ಆ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಸ್ಕ್ರೀನ್‌ಶಾಟ್, ಯುಪಿಐ ವಿವರ, ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ.

ಹೆಜ್ಜೆ 10: ದಿನಕ್ಕೆ ನಲವತ್ತು ನಿಮಿಷ, ಒಂದು ನೋಟ್‌ಬುಕ್

ಕೆಲಸ ಹುಡುಕಲು ಫೋನ್ ತೆಗೆದವರು ರೀಲ್ಸ್ ನೋಡುತ್ತಾ ಎರಡು ಗಂಟೆ ಕಳೆಯುವುದು ನನಗೆ ಗೊತ್ತು. ಬೇರೆಯವರ "ಹೊಸ ಕೆಲಸ ಸೇರಿದೆ" ಪೋಸ್ಟ್ ನೋಡಿ ಮನಸ್ಸು ಕುಗ್ಗುವುದೂ ಗೊತ್ತು. ಅದಕ್ಕೆ ಹೊತ್ತು ಗೊತ್ತು ಮಾಡಿಕೊಳ್ಳಿ. ಬೆಳಿಗ್ಗೆ ನಲವತ್ತು ನಿಮಿಷ. ಹೊಸ ಹುದ್ದೆ ನೋಡಿ ಎರಡು ಅರ್ಜಿ, ಇಬ್ಬರಿಗೆ ಮೆಸೇಜ್, ಉತ್ತರಿಸಿದವರಿಗೆ ಮರುಮಾತು. ಮುಗಿದ ಕೂಡಲೇ ಮುಚ್ಚಿಬಿಡಿ.

ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬರೆಯಿರಿ: ಯಾರಿಗೆ, ಯಾವ ದಿನ, ಏನು ಕೇಳಿದೆ, ಏನಂದರು, ಮುಂದೆ ಯಾವಾಗ. ತಿಂಗಳ ಕೊನೆಗೆ ತೆಗೆದು ನೋಡಿದರೆ ಎಲ್ಲಿ ಸಿಕ್ಕಿಕೊಂಡಿದ್ದೀರಿ ಅಂತ ಕಾಣುತ್ತದೆ. ಉತ್ತರವೇ ಬರುತ್ತಿಲ್ಲ ಅಂದರೆ ಮೆಸೇಜ್ ಬದಲಿಸಿ. ಉತ್ತರ ಬರುತ್ತದೆ, ಇಂಟರ್ವ್ಯೂಗೆ ಕರೆಯುತ್ತಿಲ್ಲ ಅಂದರೆ ರೆಸ್ಯೂಮ್ ಬದಲಿಸಿ. ಇಂಟರ್ವ್ಯೂ ಆಗಿ ಅಲ್ಲೇ ನಿಲ್ಲುತ್ತಿದೆ ಅಂದರೆ ಸೀನಿಯರ್ ಒಬ್ಬರನ್ನು ಕೇಳಿ ಫೋನ್‌ನಲ್ಲೇ ಇಂಟರ್ವ್ಯೂ ಅಭ್ಯಾಸ ಮಾಡಿ.

ಆಫರ್ ಬಂದ ಮೇಲೆ

ಆಫರ್ ಲೆಟರ್ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. ಅದರಲ್ಲಿ ಸಂಬಳ, ವಿಳಾಸ, ಸಹಿ ಎಲ್ಲ ಇರುತ್ತದೆ. ಸೇರುವ ದಿನದವರೆಗೆ 'ಓಪನ್ ಟು ವರ್ಕ್' ತೆಗೆಯಬೇಡಿ. ಆಫರ್ ಕೊಟ್ಟ ಮೇಲೂ ಜಾಯಿನಿಂಗ್ ಮುಂದೂಡುವುದು ಇದೆ. ಸೇರಿದ ಮೇಲೆ ಪ್ರೊಫೈಲ್‌ನಲ್ಲಿ ಹೊಸ ಕೆಲಸ ಬರೆಯಿರಿ, ಜಾಬ್ ಅಲರ್ಟ್ ನಿಲ್ಲಿಸಿ.

ನೋಟ್‌ಬುಕ್ ತೆಗೆದು ನಿಮಗೆ ಉತ್ತರಿಸಿದ ಪ್ರತಿಯೊಬ್ಬರಿಗೂ ಎರಡು ಸಾಲು ಕಳಿಸಿ, ಕೆಲಸ ಎಲ್ಲಿ ಸಿಕ್ಕಿತು ಅಂತ. ಆ ಅಡಿಕೆ ಯಂತ್ರದ ಹುಡುಗ ಸೇರಿದ ಮೊದಲ ವಾರವೇ, ತನ್ನ ವಿಡಿಯೊ ಗ್ರೂಪ್‌ಗೆ ಹಾಕಿದವರು ಯಾರು ಅಂತ ಕೇಳಿಕೊಂಡು ಹೋದ. ಅವರ ಊರಿನ ಗೊಬ್ಬರದ ಅಂಗಡಿಯವರು. ಮೊದಲ ಸಂಬಳದಲ್ಲಿ ಅವರಿಗೆ ಒಂದು ಶರ್ಟ್ ಪೀಸ್ ತಗೊಂಡು ಹೋಗಿ ಕೊಟ್ಟು ಬಂದ.